ನಷ್ಟ ಯಾರ ಹೆಗಲಿಗೆ? ಆರ್ಥಿಕ ಸುಧಾರಣೆಯ ಕುರಿತು ಓದುಗರ ಪ್ರಶ್ನೆಗಳು

ಅಭಿವೃದ್ಧಿಶೀಲ ರಾಷ್ಟ್ರಗಳ ಆರ್ಥಿಕ ಸುಧಾರಣೆಯಲ್ಲಿ ಸರ್ಕಾರ ಮಾಡಬೇಕಾದದ್ದೇನು, ಖಾಸಗಿಯವರಿಗೆ ಬಿಡಬೇಕಾದದ್ದೇನು ಎಂಬ ವಿಷಯವಾಗಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಳ್ಳಲಾಗಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಪ್ರಶ್ನೆಯ ಸಾರವನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ಉಕ್ಕಿನ ಕಾರ್ಖಾನೆ, ವಿಮಾನ ಸಂಸ್ಥೆ, ಹೋಟೆಲು ಇವನ್ನೆಲ್ಲ ನಡೆಸುವುದು ಸರ್ಕಾರದ ಕೆಲಸವಲ್ಲವೆಂದು ಈಗ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಹೊಸದಾಗಿ ಸ್ವತಂತ್ರವಾದ ದೇಶಗಳು ಮೊದಲಿಗೆ ಆ ದಾರಿಯನ್ನೇ ಹಿಡಿದದ್ದೇಕೆ? ಅದು ಬರಿಯ ಸಿದ್ಧಾಂತದ ಮೋಹವೇ?

ಉತ್ತರ: ಸಿದ್ಧಾಂತದ ಪಾತ್ರ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಅಂದಿನ ಪರಿಸ್ಥಿತಿಯೇ ಆ ದಾರಿಗೆ ತಳ್ಳಿತು. 1950 ಮತ್ತು 60ರ ದಶಕಗಳಲ್ಲಿ ಒಂದು ಉಕ್ಕಿನ ಕಾರ್ಖಾನೆಯನ್ನೋ ಜಲವಿದ್ಯುತ್ ಯೋಜನೆಯನ್ನೋ ಕಟ್ಟಿ, ಹತ್ತು ಹದಿನೈದು ವರ್ಷ ಲಾಭಕ್ಕಾಗಿ ಕಾಯಬಲ್ಲಷ್ಟು ಬಂಡವಾಳ ಆ ದೇಶಗಳ ಖಾಸಗಿಯವರಲ್ಲಿ ವಿರಳವಾಗಿತ್ತು. ಇದ್ದ ಹಣ ವ್ಯಾಪಾರ, ಲೇವಾದೇವಿ ಮತ್ತು ಭೂಮಿಯಲ್ಲಿ ತೊಡಗಿತ್ತು. ಭಾರತದ ಪ್ರಮುಖ ಉದ್ಯಮಿಗಳೇ ಸೇರಿ 1944ರಲ್ಲಿ ಸಿದ್ಧಪಡಿಸಿದ ಬಾಂಬೆ ಯೋಜನೆ ಸರ್ಕಾರ ದೊಡ್ಡ ಹೊಣೆ ಹೊರಬೇಕೆಂದು ಒಪ್ಪಿಕೊಂಡಿದ್ದನ್ನು ಇಲ್ಲಿ ನೆನೆಯಬೇಕು. ಒಂದೆರಡು ಕಚ್ಚಾ ಸರಕುಗಳ ರಫ್ತನ್ನೇ ನೆಚ್ಚಿದ್ದ ಲ್ಯಾಟಿನ್ ಅಮೆರಿಕದ ದೇಶಗಳು 1930ರ ದಶಕದ ಮಹಾಕುಸಿತದಲ್ಲಿ ಕಂಡ ಕಷ್ಟವೂ ಹಸಿಯಾಗಿಯೇ ಇತ್ತು. ಕಚ್ಚಾ ಸರಕಿನ ಬೆಲೆ ಕಾಲಕ್ರಮದಲ್ಲಿ ಕೈಗಾರಿಕಾ ಸರಕಿನ ಬೆಲೆಗಿಂತ ಹಿಂದೆ ಬೀಳುತ್ತದೆ, ಆದ್ದರಿಂದ ಸ್ವಂತ ಕೈಗಾರಿಕೆ ಬೆಳೆಸದೆ ಗತಿಯಿಲ್ಲ ಎಂದು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಷ್ ವಾದಿಸಿದ್ದು ಆ ಅನುಭವದ ಹಿನ್ನೆಲೆಯಲ್ಲಿಯೇ.

ಕೆಡುಕು ಶುರುವಾದದ್ದು ಅಳತೆ ಮೀರಿದಾಗ. ಖಾಸಗಿಯವರು ಸಲೀಸಾಗಿ ಮಾಡಬಲ್ಲ ಕೆಲಸಗಳಿಗೂ ಸರ್ಕಾರಗಳು ಕೈಹಾಕಿದವು; ಉದ್ದಿಮೆಗಳು ಆಳುವವರ ಕಡೆಯವರಿಗೆ ನೌಕರಿ ಕೊಡಿಸುವ ತಾಣಗಳಾದವು; ನಷ್ಟವನ್ನು 1970ರ ದಶಕದಲ್ಲಿ ಸುಲಭವಾಗಿ ಸಿಗುತ್ತಿದ್ದ ವಿದೇಶಿ ಬ್ಯಾಂಕುಗಳ ಸಾಲದಿಂದ ತುಂಬಲಾಯಿತು. ಆ ದಶಕದ ಕೊನೆಗೆ ಅಮೆರಿಕದಲ್ಲಿ ಬಡ್ಡಿದರ ಏರತೊಡಗಿದಾಗ ಲೆಕ್ಕವೆಲ್ಲ ತಲೆಕೆಳಗಾಯಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ತನ್ನ ವಿದೇಶಿ ಸಾಲದ ಕಂತು ಕಟ್ಟಲಾಗದೆಂದು ತಿಳಿಸಿತು. ಬೇರೆ ಅನೇಕ ದೇಶಗಳೂ ಅದೇ ಸ್ಥಿತಿಗೆ ಬಂದವು. ಅಂದರೆ ಸುಧಾರಣೆ ಎಂಬುದು ಬಹುಪಾಲು ದೇಶಗಳಿಗೆ ನಿಧಾನವಾಗಿ ಯೋಚಿಸಿ ಕೈಗೊಂಡ ತೀರ್ಮಾನವಾಗಿ ಬರಲಿಲ್ಲ. ಬೊಕ್ಕಸ ಬರಿದಾಗಿದ್ದ ಹೊತ್ತಿನಲ್ಲಿ, ಸಾಲ ಕೊಟ್ಟವರ ಷರತ್ತಿನ ಮೇಲೆ, ಅವಸರದಲ್ಲಿ ಬಂತು. ಆಮೇಲೆ ಆದ ಎಷ್ಟೋ ಅನಾಹುತಗಳಿಗೆ ಈ ಅವಸರವೇ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಸರ್ಕಾರಿ ಉದ್ದಿಮೆ ಸ್ವಭಾವದಿಂದಲೇ ಅದಕ್ಷ ಎಂದು ನಮ್ಮ ಪಠ್ಯಪುಸ್ತಕ ಹೇಳುತ್ತದೆ. ಇದನ್ನು ನಿಯಮವೆಂದೇ ಒಪ್ಪಬೇಕೆ? (ಅರ್ಥಶಾಸ್ತ್ರದ ವಿದ್ಯಾರ್ಥಿನಿಯೊಬ್ಬರ ಪತ್ರ)

ಉತ್ತರ: ಒಪ್ಪಬೇಕಾಗಿಲ್ಲ. ದಕ್ಷಿಣ ಕೊರಿಯಾ 1968ರಲ್ಲಿ ಪೋಹಾಂಗ್ ಉಕ್ಕಿನ ಕಂಪನಿಯನ್ನು, ಅಂದರೆ ಇಂದಿನ ಪೋಸ್ಕೊವನ್ನು ಸ್ಥಾಪಿಸಿದಾಗ, ಕಬ್ಬಿಣದ ಅದಿರೂ ಕೋಕಿಂಗ್ ಕಲ್ಲಿದ್ದಲೂ ಸಾಲದ ಆ ಬಡ ದೇಶದಲ್ಲಿ ಇದು ನಡೆಯುವ ಮಾತಲ್ಲವೆಂದು ವಿಶ್ವಬ್ಯಾಂಕ್ ಹೇಳಿತು. ನೆರವಿಗೆ ಮುಂದಾಗಿದ್ದ ಪಾಶ್ಚಾತ್ಯ ಕಂಪನಿಗಳ ಕೂಟವೂ ಹಿಂದೆ ಸರಿಯಿತು. ಹಿಂದೆ ಕೊರಿಯಾವನ್ನು ಆಳಿದ್ದ ಜಪಾನ್ 1965ರ ಒಪ್ಪಂದದಂತೆ ಕೊಡಬೇಕಾಗಿದ್ದ ಹಣದಲ್ಲಿ ಒಂದು ಭಾಗವನ್ನು ಇದಕ್ಕೆ ತೊಡಗಿಸಿ, ಜಪಾನಿನ ತಂತ್ರಜ್ಞಾನವನ್ನೇ ತಂದು, 1973ರಲ್ಲಿ ಉತ್ಪಾದನೆ ಆರಂಭಿಸಲಾಯಿತು. ಮುಂದೆ ಅದು ಜಗತ್ತಿನ ಅತ್ಯಂತ ದಕ್ಷ ಉಕ್ಕು ತಯಾರಕರಲ್ಲಿ ಒಂದಾಯಿತು. ಅದರ ಖಾಸಗೀಕರಣ ಪೂರ್ಣಗೊಂಡದ್ದು 2000ದಲ್ಲಿ, ಅಂದರೆ ಯಶಸ್ಸು ಸಿಕ್ಕಿ ಬಹಳ ಕಾಲವಾದ ಮೇಲೆ.

ಅಲ್ಲಿ ನಡೆದದ್ದೇನು? ಕಂಪನಿಯ ಮುಖ್ಯಸ್ಥ ಪಾಕ್ ತೇ-ಜುನ್ ಅವರಿಗೆ ನೌಕರರ ನೇಮಕ ಮತ್ತು ಯಂತ್ರಗಳ ಖರೀದಿಯಲ್ಲಿ ರಾಜಕಾರಣಿಗಳ ಹಸ್ತಕ್ಷೇಪದಿಂದ ರಕ್ಷಣೆ ಸಿಕ್ಕಿತು. ತಯಾರಾದ ಉಕ್ಕು ವಿದೇಶಿ ಮಾರುಕಟ್ಟೆಯ ಬೆಲೆಯನ್ನು ಎದುರಿಸಬೇಕಿತ್ತು. ಅದೇ ಸರ್ಕಾರ ಖಾಸಗಿ ಕಂಪನಿಗಳಿಗೂ ಇದೇ ಅಳತೆಗೋಲು ಹಿಡಿದಿತ್ತು. ಬ್ಯಾಂಕುಗಳು ಸರ್ಕಾರದ ಕೈಯಲ್ಲಿದ್ದುದರಿಂದ ಅಗ್ಗದ ಸಾಲ ಸಿಗುತ್ತಿತ್ತು, ಆದರೆ ರಫ್ತಿನ ಗುರಿ ಮುಟ್ಟಿದವರಿಗೆ ಮಾತ್ರ. ರಫ್ತಿನ ಪ್ರಗತಿಯನ್ನು ಪರಿಶೀಲಿಸಲು ದೇಶದ ಅಧ್ಯಕ್ಷರೇ ಪ್ರತಿ ತಿಂಗಳು ಸಭೆ ನಡೆಸುತ್ತಿದ್ದರು. ಅದು ಸೇನಾ ಹಿನ್ನೆಲೆಯ ಸರ್ವಾಧಿಕಾರವಾಗಿತ್ತು, ಕಾರ್ಮಿಕರ ದನಿಯನ್ನು ಕಠೋರವಾಗಿ ಅಡಗಿಸಿತ್ತು ಎಂಬುದನ್ನು ಮರೆತು ಅದನ್ನು ಮಾದರಿಯೆಂದು ಹೊಗಳುವುದು ತಪ್ಪು. ಆದರೆ ನೆರವಿಗೆ ಪ್ರತಿಯಾಗಿ ಫಲ ಕೇಳುವ ಪದ್ಧತಿಯನ್ನು ಸರ್ವಾಧಿಕಾರವಿಲ್ಲದೆಯೂ ಕಲಿಯಬಹುದು.

ಸೋಲುವ ಸರ್ಕಾರಿ ಉದ್ದಿಮೆಗಳ ರೋಗವನ್ನು ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ 'ಮೃದುವಾದ ಆಯವ್ಯಯ ಮಿತಿ' ಎಂದು ಹೆಸರಿಸಿ ವಿವರಿಸಿದರು. ಎಷ್ಟು ನಷ್ಟವಾದರೂ ಕೊನೆಗೆ ಬೊಕ್ಕಸವೇ ತುಂಬಿಕೊಡುತ್ತದೆಂದು ಗೊತ್ತಿರುವ ಸಂಸ್ಥೆ ಖರ್ಚು ತಗ್ಗಿಸುವ ಗೋಜಿಗೆ ಹೋಗುವುದಿಲ್ಲ ಎಂಬುದು ಅದರ ತಿರುಳು. ಗಮನಿಸಬೇಕಾದದ್ದೆಂದರೆ, ಈ ರೋಗ ಸರ್ಕಾರಿ ಉದ್ದಿಮೆಗೆ ಮಾತ್ರ ಅಂಟುವಂಥದ್ದಲ್ಲ. 1970ರ ದಶಕದಲ್ಲಿ ಚಿಲಿ ದೇಶ ತನ್ನ ಬ್ಯಾಂಕುಗಳನ್ನು ಖಾಸಗಿ ಸಮೂಹಗಳಿಗೆ ಮಾರಿತು, ಅವುಗಳ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ಮಾತ್ರ ಬೆಳೆಸಲಿಲ್ಲ. ಆ ಸಮೂಹಗಳು ತಮ್ಮ ಬ್ಯಾಂಕುಗಳಿಂದ ತಮ್ಮವೇ ಕಂಪನಿಗಳಿಗೆ ಧಾರಾಳವಾಗಿ ಸಾಲ ಕೊಟ್ಟುಕೊಂಡವು. 1982ರ ಬಿಕ್ಕಟ್ಟಿನಲ್ಲಿ ಎಲ್ಲವೂ ಕುಸಿದು, 1983ರಲ್ಲಿ ಮಾರುಕಟ್ಟೆಯ ಕಟ್ಟಾ ಪ್ರತಿಪಾದಕವಾಗಿದ್ದ ಅದೇ ಸರ್ಕಾರ ಪ್ರಮುಖ ಖಾಸಗಿ ಬ್ಯಾಂಕುಗಳ ಆಡಳಿತವನ್ನು ತಾನೇ ವಹಿಸಿಕೊಳ್ಳಬೇಕಾಯಿತು. ಒಡೆಯರು ಖಾಸಗಿಯವರಾದರೂ ನಷ್ಟ ಬಂದು ಬಿದ್ದದ್ದು ಜನರ ಹೆಗಲಿಗೆ. ಆದ್ದರಿಂದ ಯಾವುದೇ ಉದ್ದಿಮೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಒಡೆತನ ಯಾರದೆಂಬುದಲ್ಲ, ನಷ್ಟವಾದರೆ ಅದನ್ನು ಹೊರುವವರು ಯಾರು ಎಂಬುದು.

ಪ್ರಶ್ನೆ: ಕುಡಿಯುವ ನೀರಿನಂಥ ಮೂಲಭೂತ ಅಗತ್ಯವನ್ನು ಲಾಭಕ್ಕಾಗಿ ದುಡಿಯುವವರ ಕೈಗೆ ಕೊಡಬಹುದೇ? ಕೊಟ್ಟ ಕಡೆಯಲ್ಲೆಲ್ಲ ಜನ ದಂಗೆ ಎದ್ದಿದ್ದಾರೆಂದು ಓದಿದ್ದೇನೆ.

ಉತ್ತರ: ನೀವು ಓದಿರುವುದು ಬಹುಶಃ ಬೊಲಿವಿಯಾದ ಕೊಚಬಾಂಬಾ ನಗರದ ಸಂಗತಿ. ಅಲ್ಲಿ 1999ರಲ್ಲಿ ನೀರು ಸರಬರಾಜನ್ನು 40 ವರ್ಷಗಳ ಅವಧಿಗೆ ವಿದೇಶಿ ಕಂಪನಿಗಳ ನೇತೃತ್ವದ ಕೂಟವೊಂದಕ್ಕೆ ವಹಿಸಲಾಯಿತು. ಬಿಡ್ ಸಲ್ಲಿಸಿದ್ದು ಆ ಕೂಟ ಒಂದೇ. 2000ದ ಆರಂಭದಲ್ಲಿ ದರ ವಿಪರೀತ ಏರಿದಾಗ ಜನ ಬೀದಿಗಿಳಿದರು, ಏಪ್ರಿಲ್‌ನಲ್ಲಿ ಕರಾರು ರದ್ದಾಯಿತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಸರಬರಾಜು ಮರಳಿ ಪೌರ ಸಂಸ್ಥೆಯ ಕೈಗೆ ಬಂದು ವರ್ಷಗಳು ಕಳೆದರೂ ನಗರದ ದಕ್ಷಿಣ ಭಾಗದ ಬಡವರ ಅನೇಕ ಬಡಾವಣೆಗಳಿಗೆ ನಲ್ಲಿ ನೀರು ಬರಲಿಲ್ಲ ಎಂಬುದನ್ನೂ ಹೇಳಲೇಬೇಕು.

'ಕೊಟ್ಟ ಕಡೆಯಲ್ಲೆಲ್ಲ' ಎಂಬ ಮಾತು ಮಾತ್ರ ಸರಿಯಲ್ಲ. ಫಿಲಿಪೀನ್ಸಿನ ರಾಜಧಾನಿ ಮನಿಲಾದಲ್ಲಿ 1997ರ ಆಗಸ್ಟ್ 1ರಂದು ನೀರು ಸರಬರಾಜನ್ನು ಖಾಸಗಿಯವರಿಗೆ ಒಪ್ಪಿಸಿದಾಗ ನಗರವನ್ನು ಪೂರ್ವ, ಪಶ್ಚಿಮ ಎಂದು ಎರಡು ವಲಯ ಮಾಡಿ, ಎರಡು ಬೇರೆ ಕಂಪನಿಗಳಿಗೆ 25 ವರ್ಷಗಳ ಗುತ್ತಿಗೆ ಕೊಟ್ಟರು. ಅದುವರೆಗಿನ ದರ ಘನ ಮೀಟರಿಗೆ 8.78 ಪೆಸೊ ಇತ್ತು. ಪಶ್ಚಿಮ ವಲಯ ಪಡೆದ ಮೈನಿಲಾಡ್ ತನ್ನ ಬಿಡ್ಡಿನಲ್ಲಿ 4.97 ಪೆಸೊ ನಮೂದಿಸಿತ್ತು. ಪೂರ್ವ ವಲಯ ಪಡೆದ ಮನಿಲಾ ವಾಟರ್ 2.32 ಪೆಸೊ. ನಿಯಂತ್ರಣ ಕಚೇರಿ ಒಂದೇ, ನಿಯಮಗಳು ಒಂದೇ, ಶುರುವಾದ ದಿನವೂ ಒಂದೇ.

ಫಲಿತಾಂಶ ಮಾತ್ರ ಬೇರೆಯಾಯಿತು. ಹಳೆಯ ಸರ್ಕಾರಿ ಸಂಸ್ಥೆ ಡಾಲರಿನಲ್ಲಿ ಮಾಡಿದ್ದ ಸಾಲದ ಸುಮಾರು ಶೇ. 90ರಷ್ಟನ್ನು ಪಶ್ಚಿಮ ವಲಯದ ಕಂಪನಿ ತೀರಿಸಬೇಕೆಂದು ಕರಾರಿನಲ್ಲಿತ್ತು, ಪೂರ್ವದವರ ಪಾಲಿಗೆ ಶೇ. 10. ಗುತ್ತಿಗೆ ಜಾರಿಗೆ ಬರುವ ಹಿಂದಿನ ತಿಂಗಳಲ್ಲೇ ಏಷ್ಯಾದ ಹಣಕಾಸು ಬಿಕ್ಕಟ್ಟು ಸ್ಫೋಟಿಸಿ, ಡಾಲರಿಗೆ 26ರ ಆಸುಪಾಸಿನಲ್ಲಿದ್ದ ಪೆಸೊ ಮುಂದಿನ ವರ್ಷದೊಳಗೆ 40 ದಾಟಿತು. ಪಶ್ಚಿಮದ ಕಂಪನಿಗೆ ವಸೂಲಾಗುತ್ತಿದ್ದುದು ಪೆಸೊ, ತೀರಿಸಬೇಕಾಗಿದ್ದುದು ಡಾಲರ್. ಹೊಸ ಕೊಳವೆ ಹಾಕಲು ಹಣ ಉಳಿಯಲಿಲ್ಲ, ಸೋರಿಕೆ ನಿಲ್ಲಲಿಲ್ಲ. 2000ದ ದಶಕದಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು, ಕೊನೆಗೆ ಬೇರೆಯವರ ಕೈಗೆ ಹೋಯಿತು. ಪೂರ್ವ ವಲಯದಲ್ಲಿ ಶುರುವಿಗೆ ಶೇ. 63ರಷ್ಟು ನೀರು ಸೋರಿಕೆಗೂ ಕಳವಿಗೂ ಪಾಲಾಗುತ್ತಿದ್ದುದು 2010ರ ಹೊತ್ತಿಗೆ ಶೇ. 11ರ ಆಸುಪಾಸಿಗೆ ಇಳಿಯಿತು. ಕಂಪನಿ ತನ್ನ ವಲಯವನ್ನು ಚಿಕ್ಕ ಚಿಕ್ಕ ಪ್ರದೇಶಗಳಾಗಿ ವಿಂಗಡಿಸಿ, ಆಯಾ ಪ್ರದೇಶದ ಸೋರಿಕೆಗೆ ಅಲ್ಲಿನ ನೌಕರರೇ ಉತ್ತರ ಹೇಳುವಂತೆ ಮಾಡಿತು. ಹಾಗೆಂದು ಪೂರ್ವ ವಲಯ ಕಳಂಕರಹಿತವೂ ಅಲ್ಲ; ಬಿಡ್ಡಿನ ಅಗ್ಗದ ದರ ಉಳಿಯಲಿಲ್ಲ, 2019ರ ಮಾರ್ಚ್‌ನಲ್ಲಿ ಅಲ್ಲಿಯೂ ನೀರಿಗೆ ಹಾಹಾಕಾರವೆದ್ದಿತ್ತು.

ಇನ್ನು ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನೋಡಿ. ಅಲ್ಲಿನ ನೀರು ಸರಬರಾಜು ಸಂಸ್ಥೆ ಸರ್ಕಾರದ್ದು. ಯುದ್ಧದಿಂದ ಜರ್ಝರಿತವಾದ ಆ ನಗರದಲ್ಲಿ 1993ರಲ್ಲಿ ಶೇ. 72ರಷ್ಟು ನೀರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ, ಸಂಸ್ಥೆಯ ನೌಕರರೇ ಕಳ್ಳ ಸಂಪರ್ಕ ಕೊಟ್ಟು ಹಣ ಮಾಡುತ್ತಿದ್ದರು. ಆ ವರ್ಷ ಮುಖ್ಯಸ್ಥರಾದ ಏಕ್ ಸೋನ್ ಚಾನ್ ಮೊದಲು ಗ್ರಾಹಕರ ಪಟ್ಟಿಯನ್ನೇ ಹೊಸದಾಗಿ ಮಾಡಿಸಿದರು, ಪ್ರತಿ ಸಂಪರ್ಕಕ್ಕೂ ಮೀಟರ್ ಹಾಕಿಸಿದರು, ಸಚಿವಾಲಯಗಳಿಗೂ ಸೇನೆಗೂ ಬಿಲ್ ಕಳಿಸಿದರು. ಬಿಲ್ ಕಟ್ಟಲೊಪ್ಪದ ಸೇನಾ ಜನರಲ್ ಒಬ್ಬರ ಮನೆಗೆ ಮೀಟರ್ ಹಾಕಲು ತಾವೇ ಹೋದಾಗ ತಮ್ಮ ತಲೆಗೆ ಬಂದೂಕು ಹಿಡಿದರೆಂದು, ಆದರೂ ಆ ಮನೆಯ ಸಂಪರ್ಕ ಕಡಿಸಿಯೇ ಬಿಟ್ಟೆನೆಂದು ಅವರೇ ಹೇಳಿಕೊಂಡಿದ್ದಾರೆ. 1996ರಲ್ಲಿ ಸಂಸ್ಥೆಗೆ ಹಣಕಾಸಿನ ಸ್ವಾಯತ್ತೆ ದೊರೆಯಿತು. ದರವನ್ನು ಖರ್ಚು ಹುಟ್ಟುವ ಮಟ್ಟಕ್ಕೆ ಹಂತಹಂತವಾಗಿ ಏರಿಸಿ, ಬಡ ಕುಟುಂಬಗಳಿಗೆ ಸಂಪರ್ಕ ಶುಲ್ಕದಲ್ಲಿ ರಿಯಾಯಿತಿಯನ್ನೂ ಕಂತಿನ ಸೌಲಭ್ಯವನ್ನೂ ಕೊಟ್ಟರು. 2008ರ ಹೊತ್ತಿಗೆ ಲೆಕ್ಕಕ್ಕೆ ಸಿಗದ ನೀರು ಶೇ. 6ರ ಸಮೀಪಕ್ಕೆ ಇಳಿದು, ನಗರಕ್ಕೆ ದಿನದ 24 ಗಂಟೆಯೂ ನೀರು ಬರುತ್ತಿತ್ತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ವಿದೇಶಿ ನೆರವು ಧಾರಾಳವಾಗಿ ಬಂದಿತ್ತು ನಿಜ. ಆದರೆ ಅಷ್ಟೇ ನೆರವು ಪಡೆದೂ ಸೋತ ಸಂಸ್ಥೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ಹಾಗಾದರೆ ನೀರನ್ನು ಖಾಸಗಿಯವರಿಗೆ ಕೊಡಬಹುದೇ? ನೀರಿನ ಕೊಳವೆ ಒಂದು ಬೀದಿಗೆ ಒಂದೇ ಇರುತ್ತದೆ. ಗ್ರಾಹಕ ಬೇಸತ್ತು ಬೇರೆಯವರ ಬಳಿಗೆ ಹೋಗುವ ಹಾಗಿಲ್ಲ. ಪೈಪೋಟಿಯಿಲ್ಲದ ಇಂಥ ಕಡೆ ಗ್ರಾಹಕನ ಪರವಾಗಿ ಕೇಳುವವರಿರಬೇಕು: ದರ ನಿಗದಿಪಡಿಸುವ, ಲೆಕ್ಕ ತಪಾಸಣೆ ಮಾಡುವ, ಸೇವೆ ತಪ್ಪಿದರೆ ದಂಡ ಹಾಕುವ ಸಮರ್ಥ ಸಂಸ್ಥೆ. ಅದಿದ್ದರೆ ಖಾಸಗಿಯವರೂ ನಡೆಸಬಹುದು, ಸರ್ಕಾರವೂ ನಡೆಸಬಹುದು. ಅದಿಲ್ಲದ ಕಡೆ ನಾನು ಸರ್ಕಾರದ ಕೈಯಲ್ಲೇ ಇರಲಿ ಎನ್ನುತ್ತೇನೆ, ಏಕೆಂದರೆ ಕೆಟ್ಟ ಸರ್ಕಾರಿ ಸಂಸ್ಥೆಯನ್ನು ಮುಂದೆ ಯಾರಾದರೂ ಸರಿಪಡಿಸಬಹುದು. ನಲವತ್ತು ವರ್ಷಗಳ ಕೆಟ್ಟ ಕರಾರಿನಿಂದ ಬಿಡಿಸಿಕೊಳ್ಳುವುದು ಅದಕ್ಕಿಂತ ಬಹಳ ಕಷ್ಟ.

ಪ್ರಶ್ನೆ: ದೂರವಾಣಿಯಲ್ಲಿ ಮಾತ್ರ ಖಾಸಗೀಕರಣ ಎಲ್ಲ ಕಡೆಯೂ ಗೆದ್ದಿತಲ್ಲವೇ?

ಉತ್ತರ: ಗೆದ್ದದ್ದು ಪೈಪೋಟಿ; ಖಾಸಗೀಕರಣವೊಂದೇ ಅಲ್ಲ. ಮೆಕ್ಸಿಕೊ 1990ರಲ್ಲಿ ತನ್ನ ದೂರವಾಣಿ ಸಂಸ್ಥೆ ಟೆಲ್ಮೆಕ್ಸನ್ನು ಇಡಿಯಾಗಿ, ದೂರದ ಕರೆಗಳಲ್ಲಿ ಕೆಲವು ವರ್ಷಗಳ ಏಕಸ್ವಾಮ್ಯದ ಸಮೇತ ಮಾರಿತು. ದೂರಸಂಪರ್ಕ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿದ್ದು 1996ರಲ್ಲಿ. ಆ ಹೊತ್ತಿಗೆ ಕಂಪನಿ ನಿಯಂತ್ರಕರ ಅಳವಿಗೆ ಮೀರಿ ಬೆಳೆದಿತ್ತು. ಮುಂದೆ ಬಹುಕಾಲ ಮೆಕ್ಸಿಕೊದ ಜನ ಕರೆಗಳಿಗೆ ದುಬಾರಿ ದರ ತೆತ್ತರು. ಸಂವಿಧಾನಕ್ಕೆ ತಿದ್ದುಪಡಿ ತಂದು ಬಲವಾದ ನಿಯಂತ್ರಣ ಸಂಸ್ಥೆ ಕಟ್ಟಲು 2013 ಬರಬೇಕಾಯಿತು. ಭಾರತದಲ್ಲಿ 1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆದು, 1997ರಲ್ಲಿ ನಿಯಂತ್ರಣ ಪ್ರಾಧಿಕಾರ ಬಂತು. ಇಲ್ಲಿಯೂ ತಡವರಿಕೆಗಳು, ಪರವಾನಗಿ ಹಂಚಿಕೆಯ ವಿವಾದಗಳು ಇದ್ದವು. ಆದರೆ ದೇಶದೊಳಗಿನ ಕರೆಗಳ ಸರ್ಕಾರಿ ಸಂಸ್ಥೆಯನ್ನು ಮಾರದೆಯೇ ಹಲವರನ್ನು ಕಣಕ್ಕಿಳಿಸಿದ್ದರಿಂದ ದರ ಇಳಿಯಿತು.

ಪ್ರಶ್ನೆ: ಸುಧಾರಣೆಯನ್ನು ಒಂದೇ ಏಟಿಗೆ ಮಾಡಿ ಮುಗಿಸಬೇಕೇ, ನಿಧಾನವಾಗಿಯೇ? ರಷ್ಯಾ ಮತ್ತು ಚೀನಾಗಳ ಹೋಲಿಕೆ ಎಷ್ಟು ಸರಿ?

ಉತ್ತರ: ಎರಡೂ ದೇಶಗಳ ಆರಂಭದ ಸ್ಥಿತಿ ಬೇರೆಯಾಗಿದ್ದುದರಿಂದ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು: ಸುಧಾರಣೆ ಶುರುವಾದಾಗ ಚೀನಾ ಬಹುಮಟ್ಟಿಗೆ ರೈತರ ದೇಶ, ರಷ್ಯಾ ಭಾರಿ ಕೈಗಾರಿಕೆಗಳ ದೇಶ. ಆದರೂ ಕಲಿಯಬೇಕಾದದ್ದಿದೆ. ಚೀನಾ 1978ರ ನಂತರ ಮೊದಲು ಮುಟ್ಟಿದ್ದು ಹೊಲಗಳನ್ನು, ಕಾರ್ಖಾನೆಗಳನ್ನಲ್ಲ. ಭೂಮಿ ಸಾಮೂಹಿಕ ಒಡೆತನದಲ್ಲೇ ಉಳಿಯಿತು. ಸರ್ಕಾರದ ಪಾಲನ್ನು ಒಪ್ಪಿಸಿದ ಮೇಲೆ ಮಿಕ್ಕ ಬೆಳೆ ರೈತ ಕುಟುಂಬದ್ದೇ ಎಂದಾಯಿತು. ಕಾರ್ಖಾನೆಗಳಿಗೂ ಇದನ್ನೇ ಅನ್ವಯಿಸಿ, ಗೊತ್ತುಪಡಿಸಿದಷ್ಟು ಸರಕನ್ನು ಸರ್ಕಾರಿ ಬೆಲೆಗೆ ಕೊಟ್ಟು, ಹೆಚ್ಚಿನದನ್ನು ಮಾರುಕಟ್ಟೆಯ ಬೆಲೆಗೆ ಮಾರಲು ಬಿಟ್ಟರು. ಈ ಎರಡು ಬೆಲೆಗಳ ನಡುವಿನ ಅಂತರದಲ್ಲಿ ಅಧಿಕಾರಿಗಳು ದುಡ್ಡು ಮಾಡಿಕೊಂಡದ್ದುಂಟು. ಜನರ ಅಸಮಾಧಾನಕ್ಕೆ ಅದೂ ಒಂದು ಕಾರಣವಾಯಿತು. ಆದರೆ ಹಳೆಯ ವ್ಯವಸ್ಥೆ ಕುಸಿಯುವ ಮೊದಲೇ ಹೊಸದು ಬೆಳೆಯಿತು. ಗ್ರಾಮ ಮತ್ತು ಪಟ್ಟಣಗಳ ಉದ್ದಿಮೆಗಳು, ಅವುಗಳಲ್ಲಿ ಅನೇಕವು ಸ್ಥಳೀಯ ಸರ್ಕಾರಗಳ ಒಡೆತನದವು, 1990ರ ದಶಕದ ಮಧ್ಯಭಾಗಕ್ಕೆ 12 ಕೋಟಿಗೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದವು. ನಷ್ಟದ ಸರ್ಕಾರಿ ಕಾರ್ಖಾನೆಗಳನ್ನು ದೊಡ್ಡ ಪ್ರಮಾಣದಲ್ಲಿ ಮುಚ್ಚಿದ್ದು ಆ ದಶಕದ ಕೊನೆಗೆ. ಆಗ ಕೋಟಿಗಟ್ಟಲೆ ಕಾರ್ಮಿಕರು ಕೆಲಸ ಕಳೆದುಕೊಂಡರು. ಅದು ನೋವಿಲ್ಲದ ಸುಧಾರಣೆಯಾಗಿರಲಿಲ್ಲ.

ರಷ್ಯಾ 1992ರ ಜನವರಿ 2ರಂದು ಬಹುಪಾಲು ಬೆಲೆಗಳ ಮೇಲಿನ ಹತೋಟಿ ತೆಗೆದುಹಾಕಿತು. ಆ ವರ್ಷವೇ ಬೆಲೆಗಳು ಇಪ್ಪತ್ತೈದು ಪಟ್ಟಿನಷ್ಟು ಏರಿ ಜನರ ಉಳಿತಾಯ ಕರಗಿಹೋಯಿತು. ಅದೇ ವರ್ಷ ಪ್ರತಿ ಪ್ರಜೆಗೂ 10,000 ರೂಬಲ್ ಮುಖಬೆಲೆಯ ವೋಚರ್ ಹಂಚಿ ಉದ್ದಿಮೆಗಳಲ್ಲಿ ಪಾಲು ಕೊಡುವ ಯೋಜನೆ ಬಂತು. ಹೊಟ್ಟೆಪಾಡಿಗಾಗಿ ಜನ ಅವನ್ನು ಸಿಕ್ಕಷ್ಟು ಬೆಲೆಗೆ ಮಾರಿಕೊಂಡರು. 1995ರಲ್ಲಿ ಸರ್ಕಾರಕ್ಕೆ ಸಾಲ ಕೊಟ್ಟ ಕೆಲವೇ ಬ್ಯಾಂಕುಗಳಿಗೆ ತೈಲ ಮತ್ತು ಲೋಹದ ಬೃಹತ್ ಕಂಪನಿಗಳ ಷೇರುಗಳನ್ನು ಅಡವಿಟ್ಟು, ಕೊನೆಗೆ ಅವು ಅಗ್ಗದ ಬೆಲೆಗೆ ಅವರ ಪಾಲಾದವು. ಷೇರುದಾರನ ಹಕ್ಕನ್ನು ಕಾಯುವ ನ್ಯಾಯಾಲಯವಾಗಲಿ, ಕಂಪನಿಯ ಲೆಕ್ಕ ಕೇಳುವ ಸಂಸ್ಥೆಯಾಗಲಿ ಗಟ್ಟಿಯಾಗಿ ನೆಲೆಗೊಳ್ಳುವ ಮೊದಲೇ ಇಷ್ಟೆಲ್ಲ ನಡೆದುಹೋಯಿತು. ವೇಗ ಹಾನಿ ಮಾಡಿದ್ದು ಇಲ್ಲಿ. ನ್ಯಾಯಾಲಯ, ಲೆಕ್ಕಪರಿಶೋಧನೆ, ನಿಯಂತ್ರಣ ಸಂಸ್ಥೆ ಇವನ್ನು ಕಾನೂನು ಬರೆದ ದಿನವೇ ಕಟ್ಟಲಾಗುವುದಿಲ್ಲ. ವೇಗ ಎಲ್ಲಾ ಕಡೆಯೂ ಕೆಟ್ಟದ್ದೆಂದು ಇದರರ್ಥವಲ್ಲ. ವಿಯೆಟ್ನಾಂ 1986ರಲ್ಲಿ ದೋಯ್ ಮೋಯ್ ಎಂಬ ಸುಧಾರಣೆ ಆರಂಭಿಸಿ, 1988ರಲ್ಲಿ ಸಾಗುವಳಿಯ ಹಕ್ಕನ್ನು ರೈತ ಕುಟುಂಬಗಳಿಗೆ ಮರಳಿಸಿತು. ಅಕ್ಕಿಯನ್ನು ಆಮದು ಮಾಡಿಕೊಳ್ಳುತ್ತಿದ್ದ ದೇಶ ಮರುವರ್ಷವೇ ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡಿತು. ಒಕ್ಕಲಿಗನಿಗೆ ಬೆಳೆಯ ಹಕ್ಕು ಕೊಡಲು ನಿಯಂತ್ರಣ ಸಂಸ್ಥೆ ಬೇಕಾಗಿರಲಿಲ್ಲ.

ಪ್ರಶ್ನೆ: ಈಗ ಮಾರಾಟಕ್ಕಿಂತ ಖಾಸಗಿ ಸಹಭಾಗಿತ್ವದ ಮಾತೇ ಹೆಚ್ಚು. ಖಾಸಗಿಯವರು ಹಣ ಹಾಕುತ್ತಾರೆ, ಸರ್ಕಾರಕ್ಕೆ ಖರ್ಚಿಲ್ಲ ಎನ್ನುತ್ತಾರೆ. ಇದನ್ನು ನಂಬಬಹುದೇ?

ಉತ್ತರ: ಸರ್ಕಾರಕ್ಕೆ ಖರ್ಚಿಲ್ಲವೆಂಬ ಮಾತನ್ನು ಕರಾರು ಓದದೆ ನಂಬಬಾರದು. ಘಾನಾ ದೇಶದ ಅನುಭವ ನೋಡಿ. 2010ರ ದಶಕದ ಮಧ್ಯದಲ್ಲಿ ತೀವ್ರ ವಿದ್ಯುತ್ ಅಭಾವದಿಂದ ಕಂಗೆಟ್ಟ ಆ ದೇಶ, ಖಾಸಗಿ ಉತ್ಪಾದಕರೊಂದಿಗೆ ಅವಸರವಸರವಾಗಿ ಒಪ್ಪಂದಗಳನ್ನು ಮಾಡಿಕೊಂಡಿತು. ವಿದ್ಯುತ್ತನ್ನು ಬಳಸಿದರೂ ಬಳಸದಿದ್ದರೂ ಸ್ಥಾವರದ ಸಾಮರ್ಥ್ಯಕ್ಕೆ ಹಣ ತೆರಬೇಕು ಎಂಬುದು ಅವುಗಳಲ್ಲಿ ಹಲವು ಒಪ್ಪಂದಗಳ ಷರತ್ತು. 2019ರ ಹೊತ್ತಿಗೆ ಸ್ಥಾಪಿತ ಸಾಮರ್ಥ್ಯ ಗರಿಷ್ಠ ಬೇಡಿಕೆಯ ಸುಮಾರು ಎರಡು ಪಟ್ಟಾಗಿತ್ತು. ಬೇಡದ ವಿದ್ಯುತ್ತಿಗಾಗಿ ವರ್ಷಕ್ಕೆ 50 ಕೋಟಿ ಡಾಲರಿಗೂ ಹೆಚ್ಚು ತೆರುತ್ತಿದ್ದೇವೆಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಬೇಕಾಯಿತು. ಕೊರ್ನಾಯ್ ಸರ್ಕಾರಿ ಕಾರ್ಖಾನೆಗಳಲ್ಲಿ ಕಂಡ ರೋಗವೇ ಇದು. ಬೇಡಿಕೆ ತಪ್ಪಾಗಿ ಅಂದಾಜಾದರೆ ನಷ್ಟ ಖಾಸಗಿ ಉತ್ಪಾದಕನಿಗಲ್ಲ, ಬೊಕ್ಕಸಕ್ಕೆ. ಬೊಕ್ಕಸ ತುಂಬುವವರು ತೆರಿಗೆ ಕಟ್ಟುವ ಜನ.

ಪೂರ್ತಿ ಅಪಾಯವನ್ನು ಖಾಸಗಿಯವರ ಮೇಲೆ ಹೊರಿಸಿದರೂ ನಡೆಯುವುದಿಲ್ಲ, ಅದಕ್ಕೆ ಮನಿಲಾದ ಪಶ್ಚಿಮ ವಲಯವೇ ಸಾಕ್ಷಿ; ಕರೆನ್ಸಿ ಕುಸಿತವನ್ನು ಯಾವ ನೀರಿನ ಕಂಪನಿಯೂ ತಡೆಯಲಾರದು. ಯಾವ ಅಪಾಯವನ್ನು ಯಾರು ಹತೋಟಿಯಲ್ಲಿಡಬಲ್ಲರೋ ಅದನ್ನು ಅವರೇ ಹೊರಬೇಕು: ಕಟ್ಟಡದ ವಿಳಂಬ, ಯಂತ್ರದ ಕೆಡುಕು, ಸೋರಿಕೆ ಖಾಸಗಿಯವರಿಗೆ, ನೀತಿಯ ಬದಲಾವಣೆ, ಭೂಮಿಯ ತಕರಾರು ಸರ್ಕಾರಕ್ಕೆ, ಬೇಡಿಕೆ ಕುಸಿತದಂಥವು ಇಬ್ಬರಿಗೂ ಹಂಚಿ. ಇಂಥ ಕರಾರುಗಳು ಐದಾರು ಸರ್ಕಾರಗಳ ಅವಧಿಯನ್ನು ದಾಟಿ ನಡೆಯುತ್ತವೆ. ಸಹಿ ಹಾಕಿದ ಸಚಿವರು ಕಂತು ಕಟ್ಟುವ ಕಾಲಕ್ಕೆ ಹುದ್ದೆಯಲ್ಲಿರುವುದಿಲ್ಲ. ಆದ್ದರಿಂದ ಕರಾರಿನ ಪೂರ್ಣ ಪಾಠವನ್ನು ಸಹಿಗೆ ಮುಂಚೆ ಸಂಸತ್ತಿನ ಮುಂದಿಟ್ಟು ಪ್ರಕಟಿಸುವುದು, ಸರ್ಕಾರ ಕೊಟ್ಟಿರುವ ಪ್ರತಿ ಖಾತರಿಯನ್ನೂ ಆಯವ್ಯಯ ಪತ್ರದಲ್ಲಿ ಸಾಲದ ಜೊತೆಗೇ ನಮೂದಿಸುವುದು, ಮಹಾಲೆಕ್ಕಪಾಲರಂಥ ಸ್ವತಂತ್ರ ಸಂಸ್ಥೆಗೆ ಖಾಸಗಿ ಪಾಲುದಾರನ ಸಂಬಂಧಪಟ್ಟ ಲೆಕ್ಕವನ್ನೂ ಪರಿಶೀಲಿಸುವ ಅಧಿಕಾರ ಕೊಡುವುದು ಕಡ್ಡಾಯವಾಗಬೇಕು. ವಾಣಿಜ್ಯ ಗೋಪ್ಯತೆಯ ಕಾರಣ ಹೇಳಿ ಕರಾರನ್ನು ಮುಚ್ಚಿಡುವ ಕಡೆ, ನಿಮ್ಮ ಪ್ರತಿನಿಧಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ: ಬೇಡಿಕೆ ಅಂದಾಜಿನ ಅರ್ಧಕ್ಕೆ ನಿಂತರೆ ಈ ಯೋಜನೆಗೆ ಯಾರು, ಎಷ್ಟು ವರ್ಷ, ಯಾವ ಕರೆನ್ಸಿಯಲ್ಲಿ ಹಣ ತೆರಬೇಕಾಗುತ್ತದೆ?